ಸಾಂಕ್ರಾಮಿಕದ ಕಾಲದಲ್ಲಿ ಬೈಕ್ ಹತ್ತಿ ಗಡಿ ದಾಟುವ ಮುನ್ನ: ಬಳ್ಳಾರಿ ಕಡೆಯ ಸವಾರರಿಗೆ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬೈಕ್‌ನಲ್ಲಿ ದೂರ ಹೋಗುವ ಹುಮ್ಮಸ್ಸು ಈಗ ಜಾಸ್ತಿಯಾಗಿದೆ. ಹಂಪಿ, ಆನೆಗೊಂದಿ, ಸಂಡೂರು ಸುತ್ತಿದವರು ಲಡಾಖ್ ಕಡೆ ನೋಡುತ್ತಾರೆ. ಲಡಾಖ್ ಮುಗಿಸಿದವರಿಗೆ ನೇಪಾಳ, ಭೂತಾನ್ ಆಸೆ. ಒಳ್ಳೆಯ ಆಸೆಯೇ. ಆದರೆ 2020ರ ಮಾರ್ಚ್ ತಿಂಗಳನ್ನು ಮರೆತು ನಕ್ಷೆ ಬಿಡಿಸಬಾರದು.

ಆ ತಿಂಗಳು 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. 24ರಂದು ನೇಪಾಳ ಲಾಕ್‌ಡೌನ್ ಆಯಿತು, 25ರಂದು ಭಾರತ. ನಮಗೆ ವೀಸಾ ಕೂಡ ಬೇಡದ ನೇಪಾಳದ ಗಡಿ ಮುಚ್ಚಿತು. ಬಾಗಿಲು ಹಾಕಿದ ಭೂತಾನ್ ಪ್ರವಾಸಿಗರಿಗೆ ಮತ್ತೆ ತೆರೆದದ್ದು 2022ರ ಸೆಪ್ಟೆಂಬರ್ 23ಕ್ಕೆ. ಕೋವಿಡ್ ತುರ್ತು ಸ್ಥಿತಿ 2023ರ ಮೇ 5ರಂದು ಮುಗಿಯಿತು. ಮರುವರ್ಷವೇ, 2024ರ ಆಗಸ್ಟ್‌ನಲ್ಲಿ, ಎಂಪಾಕ್ಸ್ ರೋಗಕ್ಕೆ ಅದೇ ಸಂಸ್ಥೆ ಮತ್ತೆ ತುರ್ತು ಸ್ಥಿತಿ ಘೋಷಿಸಿತು. ಇಂಥದ್ದು ಇನ್ನೂ ಬರುತ್ತವೆ.

ಸೋಂಕು ಓಡಾಡುತ್ತಿದೆ, ಗಡಿ ಮಾತ್ರ ತೆರೆದಿದೆ, ಹೊರಡಬಹುದು ಅನ್ನುವ ಸ್ಥಿತಿಯಲ್ಲಿ ಏನೇನು ಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ. ಇದರಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದೇ ಮಾತು. ಹೋಗುವ ದಾರಿ ಆಮೇಲೆ ನೋಡಿ, ವಾಪಸ್ ಬರುವ ದಾರಿ ಮೊದಲು ಗಟ್ಟಿ ಮಾಡಿ. ಉದಾಹರಣೆಗೆ ಬಳ್ಳಾರಿಯಿಂದ ನೇಪಾಳದ ಮುಕ್ತಿನಾಥದ ದಾರಿಯನ್ನು ಇಟ್ಟುಕೊಂಡಿದ್ದೇನೆ. ನಮ್ಮ ಕಡೆಯವರು ತೀರ್ಥಯಾತ್ರೆಗೂ ಹೋಗುವ ಜಾಗ ಅದು.

ಮೊದಲ ಹೆಜ್ಜೆ: ಹೋಗಬೇಕಾ ಎಂದು ಕೇಳಿಕೊಳ್ಳಿ

ನಿಮಗೆ ಸೋಂಕು ತಗಲುತ್ತದಾ ಅನ್ನುವುದು ಅರ್ಧ ಪ್ರಶ್ನೆ. ನಿಮ್ಮಿಂದ ಯಾರಿಗೆ ತಗಲುತ್ತದೆ ಅನ್ನುವುದು ಉಳಿದ ಅರ್ಧ. ಬೈಕ್ ಸವಾರರು ಹುಡುಕಿಕೊಂಡು ಹೋಗುವುದೇ ದೊಡ್ಡ ಆಸ್ಪತ್ರೆ ಇಲ್ಲದ ಊರುಗಳನ್ನು. 2021ರ ಎರಡನೇ ಅಲೆಯಲ್ಲಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಿಂದ ಆಮ್ಲಜನಕದ ಟ್ಯಾಂಕರ್‌ಗಳು ಹೊರಟದ್ದನ್ನು ನಾವು ನೋಡಿದ್ದೇವೆ. ಆಮ್ಲಜನಕ ಪಕ್ಕದಲ್ಲೇ ತಯಾರಾಗುವ ಜಿಲ್ಲೆಯಲ್ಲೇ ಹಾಸಿಗೆಗೆ ಪರದಾಟ ಇತ್ತು. ಮುಕ್ತಿನಾಥ ಇರುವ ಮುಸ್ತಾಂಗ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೇಗಿರಬಹುದು, ಯೋಚನೆ ಮಾಡಿ.

ಹಾಗಾಗಿ ಅಲೆ ಏರುತ್ತಿರುವಾಗ ಹೊರಡಬೇಡಿ. ಅದು ಇಳಿದು ಕೆಲವು ವಾರ ಹಾಗೇ ಉಳಿದಿರಬೇಕು. ಇಲ್ಲಿಯೂ ಇಳಿದಿರಬೇಕು, ಅಲ್ಲಿಯೂ ಇಳಿದಿರಬೇಕು. ಮನೆಯಲ್ಲಿ ವಯಸ್ಸಾದವರು, ಬಾಣಂತಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಮುಕ್ತಿನಾಥ ಎಲ್ಲಿಗೂ ಹೋಗುವುದಿಲ್ಲ.

ಎರಡನೇ ಹೆಜ್ಜೆ: ನಿಯಮವನ್ನು ಬೈಕ್‌ನ ವೇಗಕ್ಕೆ ತಕ್ಕಂತೆ ಓದಿ

ಬಹಳ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಾಂಕ್ರಾಮಿಕದ ನಿಯಮಗಳಲ್ಲಿ ಹೆಚ್ಚಿನವು ವಿಮಾನದಲ್ಲಿ ಬರುವವರನ್ನು ಮನಸ್ಸಿನಲ್ಲಿಟ್ಟು ಬರೆದವು. ವಿಮಾನದವರು ಬೆಳಿಗ್ಗೆ ಬೆಂಗಳೂರಿನಲ್ಲಿದ್ದು ಸಂಜೆ ಬೇರೆ ದೇಶದಲ್ಲಿರುತ್ತಾರೆ. ನಾವು ಹಾಗಲ್ಲ.

ಕೋವಿಡ್ ಕಾಲದಲ್ಲಿ ಎಷ್ಟೋ ದೇಶಗಳು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳುತ್ತಿದ್ದವು. ಬಳ್ಳಾರಿಯಿಂದ ನೇಪಾಳದ ಸೋನೌಲಿ ಗಡಿಗೆ ಹತ್ತಿರ ಹತ್ತಿರ 2000 ಕಿಲೋಮೀಟರ್. ದಿನಕ್ಕೆ 400–450 ಓಡಿಸಿದರೂ ನಾಲ್ಕೈದು ದಿನ ಬೇಕು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಹೊರಟರೆ ಗಡಿ ತಲುಪುವ ಹೊತ್ತಿಗೆ ಆ ವರದಿ ಬರೀ ಕಾಗದ. ಪರೀಕ್ಷೆ ವಾರಾಣಸಿ ಅಥವಾ ಗೋರಖ್‌ಪುರದಲ್ಲಿ ಆಗಬೇಕು. ವರದಿ ಬರುವವರೆಗೆ ಅಲ್ಲಿ ಒಂದು ದಿನ ತಂಗಬೇಕು. ಆ ದಿನವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಜೊತೆಗೆ 72 ಗಂಟೆ ಯಾವಾಗಿನಿಂದ ಶುರು ಅನ್ನುವುದನ್ನೂ ಓದಿ. ಮಾದರಿ ಕೊಟ್ಟ ಹೊತ್ತಿನಿಂದಲಾ, ವರದಿ ಬಂದ ಹೊತ್ತಿನಿಂದಲಾ? ಒಂದೊಂದು ದೇಶಕ್ಕೆ ಒಂದೊಂದು ಥರ. ಅನುಮಾನ ಇದ್ದರೆ ಮಾದರಿ ಕೊಟ್ಟ ಹೊತ್ತಿನಿಂದಲೇ ಎಣಿಸಿ.

"ದೇಶ ತೆರೆದಿದೆ" ಎಂಬ ಸುದ್ದಿಯನ್ನೂ ಹಾಗೇ ನಂಬಬೇಡಿ. ಥಾಯ್ಲೆಂಡ್ 2021ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬರುವ ಪ್ರವಾಸಿಗರಿಗೆ ತೆರೆಯಿತು. ರಸ್ತೆಯ ಗಡಿಯಿಂದ ಬರುವವರು 2022ರವರೆಗೆ ಕಾಯಬೇಕಾಯಿತು. ನಿಮಗೆ ಬೇಕಾದದ್ದು ವಿಮಾನ ನಿಲ್ದಾಣದ ಸುದ್ದಿಯಲ್ಲ, ನೀವು ದಾಟುವ ಆ ಒಂದು ಗೇಟಿನ ಸುದ್ದಿ. ಅದನ್ನು ಆ ದೇಶದ ವಲಸೆ ಇಲಾಖೆಯ ಪ್ರಕಟಣೆಯಲ್ಲಿ ಓದಿ, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಗಡಿ ಊರಿನ ಲಾಡ್ಜ್‌ಗೆ ಫೋನ್ ಮಾಡಿ ಕೇಳಿದರೆ ನಿಜ ಸ್ಥಿತಿ ಇನ್ನೂ ಬೇಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ನಮಗೆ ಮೊದಲ ಗಡಿ ಸಿಗುವುದು ಸೋನೌಲಿಯಲ್ಲಲ್ಲ. ಬಳ್ಳಾರಿಯಿಂದ ಹಗರಿ ದಾಟಿದ ಕೂಡಲೇ ಆಂಧ್ರ, ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿದರೆ ತೆಲಂಗಾಣ, ಆಮೇಲೆ ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರ ಪ್ರದೇಶ. 2021ರ ಮೇನಲ್ಲಿ ಕರ್ನೂಲಿನ ಆಚೆ ಪುಲ್ಲೂರು ಚೆಕ್‌ಪೋಸ್ಟ್‌ನಲ್ಲಿ ಆಂಬುಲೆನ್ಸ್‌ಗಳನ್ನೇ ತಡೆದಿದ್ದರು. ಬೈಕ್‌ನವರನ್ನು ಬಿಡುತ್ತಾರಾ? ಕರ್ನಾಟಕವೂ ಆ ವರ್ಷ ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ ನೆಗೆಟಿವ್ ವರದಿ ಕಡ್ಡಾಯ ಮಾಡಿತ್ತು. ಅಂದರೆ ವಾಪಸ್ ಬರುವಾಗ ನಮ್ಮ ರಾಜ್ಯದ ಬಾಗಿಲಲ್ಲೂ ವರದಿ ತೋರಿಸಬೇಕಾಗಬಹುದು. ದಾರಿಯಲ್ಲಿರುವ ಪ್ರತಿ ರಾಜ್ಯದ ನಿಯಮ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೋಗುವುದಕ್ಕೆ ಒಂದು ಸಾಲು, ಬರುವುದಕ್ಕೆ ಒಂದು ಸಾಲು.

ಮೂರನೇ ಹೆಜ್ಜೆ: ಲಸಿಕೆ ಮತ್ತು ಹೆಸರು

ಯಾವ ಲಸಿಕೆಯನ್ನು ಆ ದೇಶ ಒಪ್ಪುತ್ತದೆ ಎಂದು ನೋಡಿ. ಕೋವಿಶೀಲ್ಡ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ 2021ರ ಫೆಬ್ರವರಿಯಲ್ಲೇ ಸಿಕ್ಕಿತು. ಕೋವ್ಯಾಕ್ಸಿನ್‌ಗೆ ಸಿಕ್ಕಿದ್ದು ನವೆಂಬರ್ 3ಕ್ಕೆ. ನಡುವಿನ ತಿಂಗಳುಗಳಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಎಷ್ಟೋ ದೇಶಗಳಲ್ಲಿ ಲಸಿಕೆ ಲೆಕ್ಕಕ್ಕೇ ಬರಲಿಲ್ಲ.

ಪ್ರಮಾಣಪತ್ರದಲ್ಲಿ ಹೆಸರು, ಹುಟ್ಟಿದ ದಿನ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಕಡೆ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಊರ ಹೆಸರು ಪೂರ್ತಿ ಇರುತ್ತದೆ. ಒಂದರಲ್ಲಿ ಗೌಡ, ಇನ್ನೊಂದರಲ್ಲಿ ಗೌಡರ. ಲಸಿಕೆ ಹಾಕಿಸುವಾಗಲೇ ಪಾಸ್‌ಪೋರ್ಟ್ ಸಂಖ್ಯೆ ಕೊಡಿ. ತಪ್ಪಿದ್ದರೆ ಹೊರಡುವ ತಿಂಗಳ ಮೊದಲೇ ತಿದ್ದಿಸಿ. ನೇಪಾಳಕ್ಕೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ, ಆದರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಗಡಿ ಮುಚ್ಚಿ ವಿಮಾನದಲ್ಲಿ ಬರಬೇಕಾದರೆ ಅದು ಕೈಯಲ್ಲಿದ್ದರೆ ನಿರಾಳ.

ಆಫ್ರಿಕಾ ಕಡೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಬೇರೆಯದೇ ವಿಷಯ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಹಾಕಿಸಿದ 10 ದಿನದ ಮೇಲೆ ಅದರ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಕಾರ್ಡ್ ಇಲ್ಲದೆ ಅಲ್ಲಿಂದ ಭಾರತಕ್ಕೆ ಬಂದರೆ ನಮ್ಮ ದೇಶವೇ ನಿಮ್ಮನ್ನು ಪ್ರತ್ಯೇಕವಾಗಿ ಇಡುತ್ತದೆ.

ನಾಲ್ಕನೇ ಹೆಜ್ಜೆ: ಗಾಡಿಯ ಕಾಗದ

ಗಾಡಿ ನಿಮ್ಮ ಹೆಸರಲ್ಲೇ ಇದೆಯಾ? ನಮ್ಮಲ್ಲಿ ಎಷ್ಟೋ ಹುಡುಗರ ಬೈಕ್ ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇರುತ್ತದೆ. ಹಾಗಿದ್ದರೆ ಅವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಸಾಲ ತೀರಿಲ್ಲದಿದ್ದರೆ ಫೈನಾನ್ಸ್‌ನವರ ಪತ್ರವೂ ಬೇಕು. ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ, ಲೈಸೆನ್ಸ್ ಎಲ್ಲದರ ಜೆರಾಕ್ಸ್ ಮೂರು ಸೆಟ್ ಇರಲಿ. ಒಂದು ಸೆಟ್ ಮನೆಯಲ್ಲಿ.

ನೇಪಾಳಕ್ಕೆ ಕಾರ್ನೆಟ್ (ಗಾಡಿಯ ಕಸ್ಟಮ್ಸ್ ಪುಸ್ತಕ, ಮುಂದೆ ಹೇಳುತ್ತೇನೆ) ಬೇಡ. ಸೋನೌಲಿ ದಾಟಿದರೆ ಬೇಲಹಿಯಾದ ಕಸ್ಟಮ್ಸ್ ಕಚೇರಿಯಲ್ಲಿ "ಭನ್ಸಾರ್" ಮಾಡಿಸಬೇಕು. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಸುಂಕ ಕಟ್ಟಿ ಚೀಟಿ ತೆಗೆದುಕೊಳ್ಳುವುದು. ಸಾಂಕ್ರಾಮಿಕದ ಕಾಲದಲ್ಲಿ ಯೋಜನೆಗಿಂತ ನಾಲ್ಕು ದಿನ ಜಾಸ್ತಿಗೆ ಕಟ್ಟಿ. ಅವಧಿ ಮೀರಿದರೆ ದಂಡ ಭಾರಿ. ಕ್ವಾರಂಟೈನ್ ಆದರೆ ಆಸ್ಪತ್ರೆಯ ಅಥವಾ ಸ್ಥಳೀಯ ಆಡಳಿತದ ಪತ್ರ ತೆಗೆದುಕೊಂಡು, ಚೀಟಿಯ ಅವಧಿ ಮುಗಿಯುವ ಮೊದಲೇ ಹತ್ತಿರದ ಕಸ್ಟಮ್ಸ್ ಕಚೇರಿಗೆ ತಿಳಿಸಿ.

ದೂರದ ದೇಶಗಳಿಗೆ ಕಾರ್ನೆಟ್ ಬೇಕಾಗುತ್ತದೆ. ಇದು ಗಾಡಿಯ ಪಾಸ್‌ಪೋರ್ಟ್ ಅಂದುಕೊಳ್ಳಿ. ಗಾಡಿಯನ್ನು ಆ ದೇಶದಲ್ಲಿ ಮಾರುವುದಿಲ್ಲ, ವಾಪಸ್ ತರುತ್ತೇನೆ ಅನ್ನುವುದಕ್ಕೆ ಜಾಮೀನು. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತಾ ಬಂದಿದೆ. ಗಾಡಿಯ ಬೆಲೆ ನೋಡಿ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಅವಧಿ ಒಂದು ವರ್ಷ. 2020ರಲ್ಲಿ ಜಗತ್ತಿನ ಎಷ್ಟೋ ಸವಾರರು ಗಾಡಿಯನ್ನು ಬೇರೆ ದೇಶದಲ್ಲಿ ಬಿಟ್ಟು ವಿಮಾನದಲ್ಲಿ ಮನೆ ಸೇರಿದರು. ಕಾರ್ನೆಟ್ ಅವಧಿ ಮಾತ್ರ ಓಡುತ್ತಲೇ ಇತ್ತು. ಅವಧಿ ಮುಗಿದ ಮೇಲೂ ಗಾಡಿ ಅಲ್ಲೇ ಇದ್ದರೆ ಆ ದೇಶ ಪೂರ್ತಿ ಆಮದು ಸುಂಕ ಕೇಳಬಹುದು. ಅದು ನಿಮ್ಮ ಠೇವಣಿಯಿಂದ ಹೋಗುತ್ತದೆ. ಅವಧಿ ವಿಸ್ತರಣೆಗೆ ಮೊದಲೇ ಅರ್ಜಿ ಹಾಕಬೇಕು, ಅದಕ್ಕೆ ಗಾಡಿ ಇರುವ ದೇಶದ ಕಸ್ಟಮ್ಸ್ ಒಪ್ಪಿಗೆಯೂ ಬೇಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡು ಮುದ್ರೆಯೂ ಬಿದ್ದಿವೆಯಾ ಎಂದು ಗೇಟಿನಲ್ಲೇ ನಿಂತು ನೋಡಿ. ಗಡಿಯಲ್ಲಿ ಎಲ್ಲರೂ ಮಾಸ್ಕ್, ಥರ್ಮಾಮೀಟರ್ ಗಡಿಬಿಡಿಯಲ್ಲಿ ಇರುವಾಗ ಮುದ್ರೆ ಮರೆಯುವುದು ಸುಲಭ.

ವಿಮಾನದಲ್ಲಿ ಹೋಗಿ ಅಲ್ಲಿ ಬೈಕ್ ಬಾಡಿಗೆ ಹಿಡಿಯುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ನಿಮ್ಮ ಲೈಸೆನ್ಸ್ ಇರುವ ಆರ್‌ಟಿಒ ಕಚೇರಿಯಲ್ಲಿ ನಮೂನೆ 4ಎ ಕೊಟ್ಟರೆ ಸಿಗುತ್ತದೆ. ಕೆಎ-34 ಬಳ್ಳಾರಿ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ, ಎಲ್ಲ ಕಡೆ ಅದೇ ಕ್ರಮ. ಒಂದು ವರ್ಷ ನಡೆಯುತ್ತದೆ. ಭಾರತ ಇದನ್ನು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುತ್ತದೆ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು ಮಾತ್ರ. ಅಲ್ಲಿ ಅಂಗಡಿಯವರು ಬೈಕ್ ಕೊಡುತ್ತಾರೆ, ಆದರೆ ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ಬಾಡಿಗೆಯವರಿಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ರಾತ್ರೋರಾತ್ರಿ ಲಾಕ್‌ಡೌನ್ ಘೋಷಣೆಯಾದರೆ ಅಂಗಡಿ ಮುಚ್ಚಿರುತ್ತದೆ, ನಿಮ್ಮ ಪಾಸ್‌ಪೋರ್ಟ್ ಒಳಗಿರುತ್ತದೆ.

ಐದನೇ ಹೆಜ್ಜೆ: ವಿಮೆ, ದುಡ್ಡು

ನಿಮ್ಮ ಬೈಕ್ ವಿಮೆ ಗಡಿಯ ಈಚೆಗೆ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೆ ಅದನ್ನು ವಿಸ್ತರಿಸುವ ಅವಕಾಶ ನಮ್ಮ ಮೋಟಾರ್ ವಿಮೆಯಲ್ಲಿ ಇದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು. ಏಜೆಂಟರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಪ್ರಯಾಣ ವಿಮೆಯಲ್ಲಿ ಎರಡು ಕಡೆ ಬೆರಳಿಟ್ಟು ಓದಿ. ಸಾಂಕ್ರಾಮಿಕ ರೋಗದ ಆಸ್ಪತ್ರೆ ಖರ್ಚು, ಕ್ವಾರಂಟೈನ್ ಹೋಟೆಲ್ ಖರ್ಚು ಸೇರಿದೆಯಾ? ಬೈಕ್ ಓಡಿಸುವಾಗ ಆದ ಗಾಯ ಸೇರಿದೆಯಾ, ಎಷ್ಟು ಸಿಸಿವರೆಗೆ? ಕೆಲವು ಪಾಲಿಸಿಗಳು ಸರ್ಕಾರ "ಹೋಗಬೇಡಿ" ಎಂದ ದೇಶಕ್ಕೆ ಹೋದರೆ ಏನೂ ಕೊಡುವುದಿಲ್ಲ.

ಪ್ರವಾಸದ ಖರ್ಚಿನ ಹೊರತಾಗಿ ಇನ್ನೊಂದು ಗಂಟು ಬೇಕು. 14 ದಿನ ಒಂದೇ ಊರಲ್ಲಿ ಕೂರುವ ಖರ್ಚು, ಒಬ್ಬರ ವಿಮಾನದ ಟಿಕೆಟ್, ಗಾಡಿಯನ್ನು ಲಾರಿಯಲ್ಲಿ ಗಡಿವರೆಗೆ ತರಿಸುವ ಖರ್ಚು. ಈ ಗಂಟು ಇಲ್ಲದಿದ್ದರೆ ಹೊರಡಲೇಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. 2020ರ ಮೇ 7ರಿಂದ ವಂದೇ ಭಾರತ್ ವಿಮಾನಗಳು ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತಂದವು, ಆದರೆ ಟಿಕೆಟ್ ದುಡ್ಡು ಪ್ರಯಾಣಿಕರದ್ದೇ. ಬೈಕ್‌ಗಳನ್ನಂತೂ ತರಲಿಲ್ಲ.

ನೇಪಾಳದಲ್ಲಿ ನಮ್ಮ 100ರ ನೋಟು ಸಲೀಸಾಗಿ ನಡೆಯುತ್ತದೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60.

ಆರನೇ ಹೆಜ್ಜೆ: ಗಾಡಿ ಮತ್ತು ಗಂಟುಮೂಟೆ

ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯ ಏರ್ ಫಿಲ್ಟರ್ ಬಿಚ್ಚಿದರೆ ಅದಿರಿನ ಕೆಂಪು ಧೂಳು ತುಂಬಿರುತ್ತದೆ. ಮೊದಲು ಅದನ್ನು ಬದಲಿಸಿ. ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಟೈರ್ ಅರ್ಧ ಸವೆದಿದ್ದರೂ ಹೊಸದು ಹಾಕಿಸಿ. ಬೇರೆ ಕಾಲದಲ್ಲಾದರೆ ದಾರಿಯಲ್ಲಿ ನೋಡಿಕೊಳ್ಳೋಣ ಅನ್ನಬಹುದು. ಸಾಂಕ್ರಾಮಿಕದ ಕಾಲದಲ್ಲಿ ದಾರಿಯ ಗ್ಯಾರೇಜ್ ಮುಚ್ಚಿರಬಹುದು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಲಿವರ್, ಫ್ಯೂಸ್, ಪಂಕ್ಚರ್ ಕಿಟ್, ಸಣ್ಣ ಪಂಪ್ ಜೊತೆಗಿರಲಿ. ಪಂಕ್ಚರ್ ಹಾಕುವುದನ್ನು ಮನೆಯ ಮುಂದೆ ಒಮ್ಮೆ ಮಾಡಿ ನೋಡಿ.

ಬಳ್ಳಾರಿ ಜೀನ್ಸ್ ಚೆನ್ನಾಗಿರುತ್ತದೆ, ನಮ್ಮೂರಿನ ಹೆಮ್ಮೆಯೂ ಹೌದು. ಆದರೆ ಮಾಮೂಲಿ ಜೀನ್ಸ್ ಡಾಂಬರಿಗೆ ಉಜ್ಜಿದರೆ ಉಳಿಯುವುದಿಲ್ಲ. ಮೊಣಕಾಲು, ಸೊಂಟಕ್ಕೆ ಪ್ಯಾಡ್ ಇರುವ ರೈಡಿಂಗ್ ಪ್ಯಾಂಟ್ ಹಾಕಿ. ಆಸ್ಪತ್ರೆಗಳು ತುಂಬಿರುವ ಕಾಲದಲ್ಲಿ ಕಾಲು ಮುರಿದುಕೊಳ್ಳಬಾರದು, ಅಲ್ವಾ?

ಹೆಲ್ಮೆಟ್ ಒಬ್ಬರದನ್ನು ಇನ್ನೊಬ್ಬರು ಹಾಕಬೇಡಿ. ಸ್ಯಾನಿಟೈಸರ್‌ನಿಂದ ವೈಸರ್ ಒರೆಸಬೇಡಿ, ಅದು ಮಸುಕಾಗಿ ಬಿರುಕು ಬಿಡುತ್ತದೆ. ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಒಳಗಿನ ಬಟ್ಟೆ ಬಿಚ್ಚಿ ತೊಳೆಯಿರಿ. ಸ್ಯಾನಿಟೈಸರ್ ಬಾಟಲಿಯನ್ನು ಎಂಜಿನ್ ಹತ್ತಿರದ ಬ್ಯಾಗ್‌ನಲ್ಲಿ ಇಡಬೇಡಿ. ಅದು ಮುಕ್ಕಾಲು ಪಾಲು ಸ್ಪಿರಿಟ್, ಬೆಂಕಿ ಹತ್ತುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ನಳಿಕೆ ಮುಟ್ಟಿದ ಮೇಲೆ ಸ್ವಲ್ಪ ಆಚೆ ಬಂದು ಕೈಗೆ ಹಾಕಿಕೊಳ್ಳಿ, ಪೂರ್ತಿ ಒಣಗಲಿ. ಎನ್-95 ಮಾಸ್ಕ್ ಓಡಿಸುವಾಗ ಬೇಡ, ವೈಸರ್ ಮೇಲೆ ಮಂಜು ಕಟ್ಟುತ್ತದೆ. ಇಳಿದು ಒಳಗೆ ಹೋಗುವಾಗ ತಪ್ಪದೆ ಹಾಕಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಜೋಡಿಸಿ ಸೀಟಿನ ಮೇಲೆ ಕಟ್ಟಿ, ಪಕ್ಕದ ಬ್ಯಾಗ್‌ನಲ್ಲಿ ಹಾಕಿದರೆ ಪುಡಿಯಾಗುತ್ತದೆ. ಹೋಟೆಲ್ ಮುಚ್ಚಿದ ದಿನ, ಕೋಣೆಯಲ್ಲಿ ಒಬ್ಬರೇ ಕೂತ ದಿನ ಅದೇ ಊಟ. ಅವ್ವನಿಗೆ ಮೊದಲೇ ಹೇಳಿ ಜಾಸ್ತಿ ಮಾಡಿಸಿಕೊಳ್ಳಿ.

ಏಳನೇ ಹೆಜ್ಜೆ: ದಾರಿಯಲ್ಲಿ

ಗುಂಪು ಚಿಕ್ಕದಿರಲಿ. ಎರಡು ಬೈಕ್ ಒಳ್ಳೆಯದು, ನಾಲ್ಕಕ್ಕಿಂತ ಜಾಸ್ತಿ ಬೇಡ. ಒಬ್ಬರಿಗೆ ಪಾಸಿಟಿವ್ ಬಂದರೆ ಒಂದೇ ಕೋಣೆಯಲ್ಲಿ ಮಲಗಿದವರೆಲ್ಲ ಸಂಪರ್ಕಿತರು, ಎಲ್ಲರೂ ಕೂರಬೇಕು.

ನಮ್ಮ ದಾರಿ 167ನೇ ರಾಷ್ಟ್ರೀಯ ಹೆದ್ದಾರಿ. ಹಗರಿಯಿಂದ ಆದೋನಿ, ರಾಯಚೂರು, ಮಹಬೂಬ್‌ನಗರ ಮೇಲೆ ಜಡ್ಚರ್ಲಾ. ಅಲ್ಲಿಂದ 44ನೇ ಹೆದ್ದಾರಿ ಹಿಡಿದು ಹೈದರಾಬಾದ್, ನಾಗಪುರ. ಆಮೇಲೆ ಜಬಲ್‌ಪುರ, ರೀವಾ, ವಾರಾಣಸಿ, ಗೋರಖ್‌ಪುರ. ಅಕ್ಟೋಬರ್ ಹೊತ್ತಿಗೆ ಹೊರಟರೆ ನಮ್ಮ ಕಡೆ ಬಿಸಿಲೂ ಕಡಿಮೆ, ನೇಪಾಳದಲ್ಲಿ ಮಳೆಗಾಲದ ಭೂಕುಸಿತವೂ ಬಹುಮಟ್ಟಿಗೆ ಮುಗಿದಿರುತ್ತದೆ. ದೊಡ್ಡ ಊರುಗಳ ಒಳಗೆ ಉಳಿಯದೆ ಬೈಪಾಸ್ ಪಕ್ಕದ ಲಾಡ್ಜ್ ನೋಡಿ. ಕಿಟಕಿ ತೆರೆಯುವ ಕೋಣೆ ಕೇಳಿ. ಚಹಾ ಹೊರಗೆ ನಿಂತು ಕುಡಿಯಿರಿ.

ಗಡಿ ದಾಟಿದ ಮೇಲೆ ಅಲ್ಲಿನ ಸಿಮ್ ಕೊಳ್ಳಿ. ಮನೆಗೆ ಪ್ರತಿ ರಾತ್ರಿ ಊರ ಹೆಸರು, ಲಾಡ್ಜ್ ಹೆಸರು ಕಳಿಸಿ. ಕಠ್ಮಂಡುವಿನ ನಮ್ಮ ರಾಯಭಾರ ಕಚೇರಿ, ಬೀರ್‌ಗಂಜ್‌ನ ಕಾನ್ಸುಲೇಟ್ ಎರಡರ ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಫೋನ್ ಸತ್ತಾಗಲೇ ಅದು ಬೇಕಾಗುವುದು.

ಎತ್ತರದ ವಿಷಯದಲ್ಲಿ ಎಚ್ಚರ ಇರಲಿ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್. ಮುಕ್ತಿನಾಥ 3700 ಮೀಟರ್. ತಲೆನೋವು, ಸುಸ್ತು, ನಿದ್ದೆ ಬಾರದಿರುವುದು ಎತ್ತರದಿಂದಲೂ ಬರುತ್ತವೆ, ಸೋಂಕಿನಿಂದಲೂ ಬರುತ್ತವೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಇಲ್ಲಿ ಗೊಂದಲ ಮಾಡುತ್ತದೆ. ಊರಲ್ಲಿ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆ ಎಂದು ಕಲಿತಿದ್ದೇವೆ. 3500 ಮೀಟರ್ ಮೇಲೆ ಆರೋಗ್ಯವಂತರಿಗೂ 90ರ ಕೆಳಗೆ ಇಳಿಯಬಹುದು. ಅದಕ್ಕೇ ಮುಕ್ತಿನಾಥದ ದಾರಿಯಲ್ಲಿ ಸಿಗುವ ಪೋಖರಾದಲ್ಲಿ, ಆಮೇಲೆ ಜೋಮ್‌ಸೋಮ್‌ನಲ್ಲಿ ಅಂಕಿ ಬರೆದಿಟ್ಟುಕೊಳ್ಳಿ, ಜೊತೆಯವರ ಅಂಕಿಗೂ ಹೋಲಿಸಿ. ಒಬ್ಬರದು ಮಾತ್ರ ತುಂಬಾ ಕೆಳಗಿದ್ದರೆ ಏನೋ ತೊಂದರೆ ಇದೆ. ಸುಮಾರು 2700 ಮೀಟರ್‌ನ ಜೋಮ್‌ಸೋಮ್‌ನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಮುಕ್ತಿನಾಥಕ್ಕೆ ಹೋಗಿ, ಸಂಜೆಗೆ ಕೆಳಗೆ ಬಂದು ಮಲಗಿ.

ಜ್ವರ ಬಂದರೆ ಎತ್ತರದ ಮೇಲೆ ಹಾಕಿ ಸುಮ್ನಿರಬೇಡಿ. ಪರೀಕ್ಷೆ ಮಾಡಿಸಿ. ಕೂತಲ್ಲೇ ಉಸಿರು ಕಟ್ಟಿದರೆ ಕಾರಣ ಯಾವುದೇ ಇರಲಿ, ಆಗಲೇ ಕೆಳಗಿಳಿಯಬೇಕು. ಆ ಸ್ಥಿತಿಯಲ್ಲಿ ಬೈಕ್ ಓಡಿಸಬೇಡಿ, ಜೀಪ್ ಹಿಡಿಯಿರಿ. ಇತ್ತೀಚೆಗೆ ಸೋಂಕಿನಿಂದ ಎದ್ದವರು ಡಾಕ್ಟರ ಹತ್ತಿರ ಹೃದಯ, ಶ್ವಾಸಕೋಶ ತೋರಿಸಿಕೊಂಡೇ ಎತ್ತರಕ್ಕೆ ಹೋಗಬೇಕು.

ಗಡಿ ಮುಚ್ಚುವ ಸುದ್ದಿ ಬಂದರೆ

ಎರಡು ದಿನ ಕಾದು ನೋಡೋಣ ಅನ್ನುವ ಕಾಲ ಅದಲ್ಲ. ಹುಷಾರಾಗಿದ್ದರೆ ಅಂದೇ ತಿರುಗಿ. ಗಡಿಗೆ ಒಂದು ದಿನದ ದಾರಿಗಿಂತ ದೂರ ಇದ್ದರೆ, ಅಥವಾ ಯಾರಿಗಾದರೂ ಜ್ವರ ಇದ್ದರೆ ಓಡಬೇಡಿ. ಆಸ್ಪತ್ರೆ ಇರುವ ಊರು ಸೇರಿ, ಅಲ್ಲೇ ಉಳಿಯಿರಿ. ಪೋಖರಾ ಅಂಥ ಊರು. ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ.

ಗಾಡಿ ಬಿಟ್ಟು ಬರಬೇಕಾದರೆ ಮೇಲ್ಛಾವಣಿ ಇರುವ ಜಾಗ ನೋಡಿ. ಟ್ಯಾಂಕ್ ತುಂಬಿಸಿ, ಇಲ್ಲದಿದ್ದರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಚೈನ್‌ಗೆ ಗ್ರೀಸ್ ಹಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಓಡೋಮೀಟರ್, ಚಾಸಿ ನಂಬರ್ ಸಮೇತ ಫೋಟೊ ತೆಗೆಯಿರಿ. ಜಾಗದ ಮಾಲೀಕರಿಂದ ಸಹಿ ಮಾಡಿದ ಚೀಟಿ ಪಡೆಯಿರಿ. ಗಾಡಿ ಬಿಟ್ಟು ಹೊರಡುವ ಮೊದಲೇ ಕಸ್ಟಮ್ಸ್‌ಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ವಾಪಸ್ ಬಂದ ಮೇಲೆ

ನೇಪಾಳದಿಂದ ಹೊರಗೆ ಬರುವಾಗಲೇ ಭನ್ಸಾರ್ ಚೀಟಿ ಗಡಿಯಲ್ಲಿ ತೋರಿಸಿ ಮುಗಿಸಿ. ಕಾರ್ನೆಟ್ ಇದ್ದರೆ ಪುಸ್ತಕ ಹಿಂದಿರುಗಿಸಿದ ಮೇಲೆಯೇ ಠೇವಣಿ ಸಿಗುವುದು.

ಮನೆಗೆ ಬಂದ ಮೇಲೆ ಆ ರೋಗಕ್ಕೆ ಹೇಳಿದಷ್ಟು ದಿನ, ಕೋವಿಡ್‌ನಂಥದ್ದಾದರೆ 14 ದಿನ, ಅಜ್ಜ ಅಜ್ಜಿಯಿಂದ ದೂರ ಇರಿ. ಓಣಿಯ ಆಶಾ ಕಾರ್ಯಕರ್ತೆಗೆ ಎಲ್ಲಿಂದ ಬಂದಿರಿ ಎಂದು ನೀವೇ ತಿಳಿಸಿ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ ಬರುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಪ್ರವಾಸದ ದಿನ ಗೊತ್ತು ಮಾಡುವಾಗಲೇ ಜಾತ್ರೆ, ಮದುವೆ, ಉರುಸಿನ ತಾರೀಖು ನೋಡಿ. ಅದಕ್ಕೆ ಎರಡು ವಾರ ಮೊದಲೇ ಮನೆ ಸೇರುವ ಹಾಗೆ ಹೊರಡುವ ದಿನ ಇಟ್ಟುಕೊಳ್ಳಿ.